ಸ್ಲ್ಯಾಬ್ ಹಾಕಿದ ದಿನ ಆಡಿದ ಮಾತು

ಈ ಪ್ರಕರಣದಲ್ಲಿ ಯಾರ ಹೆಸರೂ ಇಲ್ಲ. ಊರು, ವಯಸ್ಸು, ಇನ್ನೂ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರೇ ಒಪ್ಪಿದ್ದಾರೆ.

ಕಾಸರಗೋಡಿನ ಕುಂಬಳೆ ಕಡೆಯ ಒಬ್ಬ ಕಾಂಟ್ರಾಕ್ಟರ್. ನಲವತ್ತೈದರ ಆಸುಪಾಸು. 2025ರ ಮಾರ್ಚ್ ಮೂರನೇ ವಾರ ಹೆಂಡತಿಯ ಒತ್ತಾಯಕ್ಕೆ ನನ್ನ ಬಳಿ ಆಪ್ತಸಲಹೆಗೆ ಬಂದು ಕುಳಿತರು. "ನಿದ್ದೆ ಇಲ್ಲ ಮೇಡಂ. ಮಗನ ಮೇಲೆ ಸುಮ್ನೆ ಸಿಟ್ಟು ಬರ್ತದೆ" ಎಂದು ಶುರು ಮಾಡಿದರು. ಐದೇ ನಿಮಿಷದಲ್ಲಿ ಮಾತು ಮೇಸ್ತ್ರಿಗೆ ಬಂದು ನಿಂತಿತು. ಹತ್ತೊಂಬತ್ತು ವರ್ಷ ಜೊತೆಗಿದ್ದ ಮೇಸ್ತ್ರಿ ಒಂದು ವಾರದಿಂದ ಕೆಲಸಕ್ಕೆ ಬಂದಿಲ್ಲ. ಫೋನ್ ಎತ್ತುತ್ತಾರೆ, "ಹುಷಾರಿಲ್ಲ" ಎಂದು ಇಡುತ್ತಾರೆ.

ಇವರಿಗೆ ಕರಣಿ ಹಿಡಿಯಲು ಕಲಿಸಿದ್ದೇ ಆ ಮೇಸ್ತ್ರಿ. ಇಪ್ಪತ್ತರ ಹುಡುಗನಾಗಿ ಗಾರೆ ಹೊತ್ತಿದ್ದು ಅವರ ಕೈಕೆಳಗೆ. ಆಮೇಲೆ ನಾಲ್ಕು ವರ್ಷ ದುಬೈ, ವಾಪಸ್ ಬಂದು ಸ್ವಂತ ಕಾಂಟ್ರಾಕ್ಟ್. ಮಾಲಿಕನಾದ ಮೇಲೂ ಮೇಸ್ತ್ರಿ ತುಳುವಿನಲ್ಲಿ "ಈ" (ನೀನು) ಎಂದೇ ಕರೆಯುತ್ತಿದ್ದರು. ಆ ಘಟನೆಯ ನಂತರ ಫೋನಿನಲ್ಲಿ "ಈರ್" (ನೀವು) ಎಂದರಂತೆ. ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತು. ಮರ್ಯಾದೆಯ ಮಾತು ಅಷ್ಟು ದೂರ ತಳ್ಳಬಲ್ಲದು ಎಂದು ಆವತ್ತು ಕಣ್ಣಾರೆ ನೋಡಿದೆ.

ನಡೆದದ್ದು ಇಷ್ಟು. ಶಾರ್ಜಾದಲ್ಲಿರುವ ಒಬ್ಬರ ಎರಡಂತಸ್ತಿನ ಮನೆ. ಪೆರ್ನಾಲ್ (ಈದ್ ಹಬ್ಬ) ಮುಗಿದ ವಾರವೇ ಮನೆ ಒಕ್ಕಲು ಆಗಬೇಕೆಂದು ಅವರ ಆಸೆ. ಇವರು "ಆಗ್ತದೆ" ಎಂದರು. ಫೆಬ್ರವರಿಯಲ್ಲಿ ಹಾಕಬೇಕಿದ್ದ ಮೇಲಿನ ಸ್ಲ್ಯಾಬ್, ಸೆಂಟ್ರಿಂಗ್ (ಕೆಳಗೆ ಹಲಗೆ, ಆಧಾರ ಕಟ್ಟುವ ಕೆಲಸ) ತಡವಾಗಿ ಮಾರ್ಚ್‌ಗೆ ಬಂತು. ಮಾರ್ಚ್ 2ಕ್ಕೆ ರಂಜಾನ್ ಉಪವಾಸ ಶುರುವಾಗಿತ್ತು. ಸ್ಲ್ಯಾಬಿನ ದಿನ ಮಿಕ್ಸರ್ ಬರುವಾಗಲೇ ಎಂಟೂವರೆ. ಕಾಂಕ್ರೀಟ್ ಸುರಿಯಲು ಶುರು ಮಾಡಿದ ಮೇಲೆ ಅರ್ಧದಲ್ಲಿ ನಿಲ್ಲಿಸುವ ಹಾಗಿಲ್ಲ. ಹಳೆಯದು ಗಟ್ಟಿಯಾಗಿ ಹೊಸದು ಬೆಸೆಯದೆ ಉಳಿದರೆ ಆ ಜಾಯಿಂಟ್‌ನಲ್ಲೇ ಮಳೆಗಾಲದಲ್ಲಿ ನೀರು ಇಳಿಯುತ್ತದೆ. ಹನ್ನೆರಡೂವರೆ ಹೊತ್ತಿಗೆ ಜಲ್ಲಿ ಬುಟ್ಟಿ ಹೊತ್ತ ಒಬ್ಬ ಹುಡುಗ ಏಣಿಯ ಬುಡದಲ್ಲಿ ಕುಸಿದು ಕುಳಿತ. ಮೇಸ್ತ್ರಿ ಇಳಿದು ಬಂದು ಅವನ ತಲೆಗೆ ನೀರು ತಟ್ಟುತ್ತಿದ್ದರು. ಆಗ ಇವರು ಎಲ್ಲರ ಎದುರು ಕೂಗಿದರು: "ಉಪವಾಸ ಮಾಡುವುದಾದರೆ ಮನೆಯಲ್ಲಿ ಕೂತು ಮಾಡಿ. ನನ್ನ ಸೈಟ್ ಪಳ್ಳಿ ಅಲ್ಲ." ಪಳ್ಳಿ ಎಂದರೆ ಮಸೀದಿ.

ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ಸಂಜೆ ಐದಕ್ಕೆ ಸ್ಲ್ಯಾಬ್ ಮುಗಿಸಿದರು. ಕರಣಿಯನ್ನು ಡ್ರಮ್ಮಿನ ನೀರಲ್ಲಿ ಸಿಮೆಂಟ್ ಪೂರ್ತಿ ಹೋಗುವ ತನಕ ತೊಳೆದರು. ಗೋಣಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದರು.

ಮೊದಲ ದಿನ ನಾನು ಜಾಸ್ತಿ ಮಾತಾಡಲಿಲ್ಲ. ಅವರು "ಇವರ ಉಪವಾಸದಿಂದ" ಎಂದು ಎಷ್ಟು ಸಲ ಹೇಳಿದರೆಂದು ಪುಸ್ತಕದ ಅಂಚಿನಲ್ಲಿ ಗೀಟು ಹಾಕುತ್ತಿದ್ದೆ. ಏಳು ಸಲ. ಒಕ್ಕಲಿನ ತಾರೀಕು ಒಪ್ಪಿಕೊಂಡ ವಿಷಯ ಒಂದೇ ಸಲ, ಅದೂ ಹಾದಿಯಲ್ಲಿ. ಎರಡನೇ ಸಲ ಬಂದಾಗ ಆ ದಿನವನ್ನು ಗಂಟೆ ಗಂಟೆಯಾಗಿ ಹೇಳಿಸಿದೆ. ಹನ್ನೆರಡು ಗಂಟೆಗೆ ಶಾರ್ಜಾದಿಂದ ವಿಡಿಯೋ ಕಾಲ್ ಬಂದಿತ್ತು. "ಇನ್ನೂ ಅರ್ಧವೂ ಆಗಿಲ್ವಾ?" ಎಂದು ಮನೆ ಕಟ್ಟಿಸುವವರು ಕೇಳಿದ್ದರು. ಇವರು ನಗುತ್ತಾ "ಆಗ್ತದೆ" ಎಂದಿದ್ದರು. ಅರ್ಧ ಗಂಟೆಯ ನಂತರ ಹುಡುಗ ಕುಸಿದದ್ದು.

"ಆ ಹುಡುಗನ ಹೆಸರೇನು?" ಎಂದು ಕೇಳಿದೆ. ಗೊತ್ತಿರಲಿಲ್ಲ. ಬಂಗಾಳದ ಮುರ್ಷಿದಾಬಾದ್ ಕಡೆಯವ ಅಂತ ಅಷ್ಟೇ ಗೊತ್ತು.

ಆಮೇಲೆ ದುಬೈ ಬಗ್ಗೆ ಕೇಳಿದೆ. ಅಲ್ಲಿ ರಂಜಾನ್ ತಿಂಗಳಲ್ಲಿ ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ, ಅದು ಕಾನೂನು. ಉಪವಾಸ ಇದ್ದವರಿಗೂ ಇಲ್ಲದವರಿಗೂ ಒಂದೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನನ್ನೂ ಬೇಗ ಬಿಡ್ತಿದ್ರು ಮೇಡಂ. ರೂಮಿಗೆ ಬಂದು ಮಲಗ್ತಿದ್ದೆ" ಎಂದರು. ಆಮೇಲೆ ಅವರ ಬಾಯಲ್ಲಿ "ಇವರ ಉಪವಾಸದಿಂದ" ಎಂಬ ಮಾತು ಬರಲಿಲ್ಲ.

ಒಂದು ಮಾತನ್ನು ಮಾತ್ರ ಅವರು ಬಿಡಲಿಲ್ಲ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ವಿನಾಯಿತಿ ಇದೆ, ತಪ್ಪಿದ ಉಪವಾಸ ಆಮೇಲೆ ಹಿಡಿಯಬಹುದು, ಹಾಗಾದರೆ ಸ್ಲ್ಯಾಬಿನ ದಿನ ಬಿಡಬಹುದಲ್ವಾ ಎಂದರು. ವಿನಾಯಿತಿ ಇರುವುದು ನಿಜ. ಆದರೆ ಅದನ್ನು ತೆಗೆದುಕೊಳ್ಳುವುದೋ ಬಿಡುವುದೋ ಉಪವಾಸ ಹಿಡಿದವರಿಗೆ ಸೇರಿದ್ದು. ಬಟವಾಡೆ ಕೊಡುವವರ ಬಾಯಿಂದ ಬಂದರೆ ಅದು ಒತ್ತಾಯವೇ. ಇದನ್ನು ಖಡಾಖಂಡಿತವಾಗಿ ಹೇಳಿದೆ.

ಕೊಟ್ಟ ಸಲಹೆ ಇದು. ಮೊದಲು ಆ ಹುಡುಗನ ಹೆಸರು ತಿಳಿದುಕೊಂಡು ಅವನನ್ನು ವಿಚಾರಿಸಿ. ಆಮೇಲೆ ಮೇಸ್ತ್ರಿಯ ಮನೆಗೆ ಹೋಗಿ. ನೋಂಬು ಬಿಡುವ ಹೊತ್ತಿಗೆ ಹಣ್ಣಿನ ಪೆಟ್ಟಿಗೆ ಹಿಡಿದು ಹೋಗಬೇಡಿ, ನಾಲ್ಕೂವರೆಗೆ ಬರಿಗೈಯಲ್ಲಿ ಹೋಗಿ. "ತಪ್ಪಾಯಿತು" ಎಂದ ಮೇಲೆ "ಆದರೆ" ಎಂಬ ಮಾತು ಸೇರಿಸಬೇಡಿ. ಬೈದದ್ದು ಎಲ್ಲರ ಎದುರು, ಹಾಗಾಗಿ ಅದೇ ಮಾತನ್ನು ಸೈಟಿನಲ್ಲೂ ಹೇಳಿ. ಕೆಲಸಕ್ಕೆ ಬನ್ನಿ ಎಂದು ಆವತ್ತೇ ಕೇಳಬೇಡಿ. ಶಾರ್ಜಾಕ್ಕೆ ಫೋನ್ ಮಾಡಿ ತಾರೀಕು ಆಗುವುದಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಅವರಿಗೆ ಈ ಕೊನೆಯ ಮಾತೇ ಎಲ್ಲಕ್ಕಿಂತ ಕಷ್ಟವಾಯಿತು. ಎರಡು ಸಲ ಮುಂದೂಡಿದರು.

ಕೆಲಸದ ಲೆಕ್ಕವನ್ನೂ ಮಾತಾಡಿದೆವು. ನಾನು ಎಂಜಿನಿಯರ್ ಅಲ್ಲ, ಅವರೇ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ನಮ್ಮಲ್ಲಿ ಮಾರ್ಚ್‌ನಲ್ಲಿ ಐದೂ ಕಾಲರ ಸುಮಾರಿಗೆ ಉಪವಾಸ ಶುರುವಾದರೆ ಬಿಡುವುದು ಆರೂ ಮುಕ್ಕಾಲರ ಹತ್ತಿರ. ಹದಿಮೂರು ಗಂಟೆಗೂ ಜಾಸ್ತಿ, ಒಂದು ಗುಟುಕು ನೀರಿಲ್ಲ. ರಾತ್ರಿ ತರಾವೀಹ್ ನಮಾಜು ಮುಗಿಸಿ ಮಲಗಿ ನಾಲ್ಕಕ್ಕೆ ಏಳುವುದು. ಅಂದ ಮೇಲೆ ದೇಹದಲ್ಲಿ ಶಕ್ತಿ ಇರುವುದು ಬೆಳಿಗ್ಗೆ. ಆರೂವರೆಗೆ ಶುರು ಮಾಡಿ ಹನ್ನೆರಡಕ್ಕೆ ಬಿಡಬೇಕು. ಬೇಸಿಗೆಯಲ್ಲಿ ಬಿಸಿಲ ಕೆಲಸದವರಿಗೆ 12ರಿಂದ 3ರವರೆಗೆ ಬಿಡುವು ಕೊಡಬೇಕೆಂದು ಕೇರಳದ ಕಾರ್ಮಿಕ ಇಲಾಖೆಯ ಆದೇಶವೂ ಇತ್ತು, ಅದನ್ನೂ ಇವರು ಪಾಲಿಸಿರಲಿಲ್ಲ. ಸ್ಲ್ಯಾಬ್ ಆ ತಿಂಗಳಿಗೆ ಮೊದಲೇ ಮುಗಿಯಬೇಕು. ಉಪವಾಸದ ದಿನಗಳಲ್ಲಿ ಒಳಗಿನ ಸಾರಣೆ, ಟೈಲ್ಸ್, ವಯರಿಂಗ್ ಪೈಪ್, ಕ್ಯೂರಿಂಗ್. ಉಪವಾಸ ಇಲ್ಲದವರ ಬೆನ್ನಿಗೆ ಎಲ್ಲ ಭಾರ ಹೊರಿಸಬಾರದು, ಅವರನ್ನೂ ಕೇಳಬೇಕು. ಕೂಲಿಯ ಮಾತು ತಿಂಗಳು ಶುರುವಾಗುವ ಮೊದಲೇ ಆಗಬೇಕು, ಯಾಕೆಂದರೆ ಆ ತಿಂಗಳು ಮನೆಯಲ್ಲಿ ಖರ್ಚು ಜಾಸ್ತಿ. ಹೆಂಚು, ಕಲ್ಲಿನ ಲೆಕ್ಕದಷ್ಟೇ ರೈಲಿನ ಲೆಕ್ಕವೂ ಬೇಕು. ಬಂಗಾಳದ ಹುಡುಗರು ಹಬ್ಬಕ್ಕೆ ಊರಿಗೆ ಹೋಗುತ್ತಾರೆ. ಟಿಕೆಟ್ ಬುಕಿಂಗ್ ತೆರೆಯುವುದು 60 ದಿನ ಮೊದಲು. ಆಗಲೇ ಕೇಳಿದರೆ ಯಾರು ಯಾವಾಗ ಹೋಗುತ್ತಾರೆ, ಯಾವಾಗ ಬರುತ್ತಾರೆ ಗೊತ್ತಾಗುತ್ತದೆ.

ಶಾರ್ಜಾದವರು ಬೇಸರ ಮಾಡಿಕೊಂಡರು. ಒಂದು ಕಂತು ತಡೆದರು. "ಇದನ್ನು ಜನವರಿಯಲ್ಲೇ ಹೇಳಬಹುದಿತ್ತಲ್ಲ, ನಾನೂ ಇಲ್ಲಿ ನೋಂಬು ಹಿಡಿದೇ ಕೆಲಸಕ್ಕೆ ಹೋಗುವವ" ಎಂದರಂತೆ. ಮೇಸ್ತ್ರಿ ಆ ಸೈಟಿಗೆ ಮತ್ತೆ ಬರಲಿಲ್ಲ. ಮಳೆ ಬಿಟ್ಟ ಮೇಲೆ ಬೇರೊಂದು ಮನೆಯ ಪಾಯಕ್ಕೆ ಬಂದರು.

ಕೊನೆಯ ಸಲ ಅವರು ಬಂದದ್ದು ಡಿಸೆಂಬರಿನಲ್ಲಿ. ಕೈಯಲ್ಲಿ 2026ರ ಗೋಡೆ ಕ್ಯಾಲೆಂಡರ್ ಸುರುಳಿ. ರಂಜಾನ್ ವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಬರುತ್ತದೆ. ಫೆಬ್ರವರಿ 18, 19 ಎರಡಕ್ಕೂ ಬಡಗಿಯ ಪೆನ್ಸಿಲಿನಲ್ಲಿ ಸುತ್ತು ಹಾಕಿತ್ತು, ಚಂದ್ರ ಕಂಡ ಮೇಲೆ ಒಂದನ್ನು ಅಳಿಸಲು. ಫೆಬ್ರವರಿ 5ರ ಮೇಲೆ "ಸ್ಲ್ಯಾಬ್" ಎಂದಿತ್ತು. ಮೊದಲು ಅದು 6ರಲ್ಲಿತ್ತು, ಹೊಡೆದು ಹಾಕಿದ್ದರು.

"ಆರು ಶುಕ್ರವಾರ ಮೇಡಂ. ‘ಅದು ಬೇಡ, ಈ ಒಂದು ದಿನ ಮೊದಲೇ ಮಿಕ್ಸರ್ ಹೇಳು’ ಅಂದ್ರು ಮೇಸ್ತ್ರಿ" ಎಂದರು. ಆ "ಈ" ಎನ್ನುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.