ಗ್ರೈಂಡರ್‌ಗೆ ಮಾತ್ರ ಕೊಡಬೇಡಿ

ಪ್ರಶ್ನೆ: ಮೇಷ್ಟ್ರೇ, ನಮ್ಮ ತಂದೆ ಮರಗೆಲಸ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಹತ್ಯಾರದ ಪೆಟ್ಟಿಗೆ ಅಟ್ಟದಲ್ಲೇ ಇತ್ತು. ಈಗ ಇಳಿಸಿ ನೋಡಿದರೆ ಉಳಿಗಳು, ಮರದ ತೋಪಡದ ಬ್ಲೇಡು ಎಲ್ಲಾ ತುಕ್ಕು. ವೆಲ್ಡಿಂಗ್ ಅಂಗಡಿಯವರು ಗ್ರೈಂಡರ್‌ಗೆ ಹಿಡಿದು ಹೊಸದರ ಹಾಗೆ ಮಾಡಿಕೊಡ್ತೀನಿ ಅಂತಾರೆ. ಕೊಡಬಹುದಾ? ಮರದ ಭಾಗಕ್ಕೆ ವಾರ್ನಿಷ್ ಹೊಡೆಸಲಾ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಕೊಡಬೇಡಿ. ತುಕ್ಕು ಹಿಡಿದ ಉಳಿ ಉಳಿಯುತ್ತದೆ, ಹದ ಕೆಟ್ಟ ಉಳಿ ಉಳಿಯುವುದಿಲ್ಲ. ಗ್ರೈಂಡರ್ ಚಕ್ರಕ್ಕೆ ಒತ್ತಿ ಹಿಡಿದರೆ ತೆಳುವಾದ ಬಾಯಿ ಕ್ಷಣದಲ್ಲಿ ಕಾಯುತ್ತದೆ. ಸುಮಾರು 300 ಡಿಗ್ರಿ ಮುಟ್ಟಿದಾಗ ನೀಲಿ ಬಣ್ಣ ಬರುತ್ತದೆ. ಅಲ್ಲಿಗೆ ಉಕ್ಕು ಮೆತ್ತಗಾಯಿತು ಅಂತ ಲೆಕ್ಕ. ಆಮೇಲೆ ನೀರಿಗೆ ಅದ್ದಿದರೂ ಹದ ವಾಪಸ್ ಬರಲ್ಲ.

ನಿಮ್ಮ ತೋಪಡದ ಬ್ಲೇಡನ್ನು ಸ್ವಲ್ಪ ಉಜ್ಜಿ, ಬಾಯಿಯ ಇಳಿಜಾರನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಬಣ್ಣ ಕಂಡರೆ, ಅಂಚಿನ ಹತ್ತಿರದ ತೆಳು ಹೊಳಪಿನ ಗೆರೆಯೇ ಉಕ್ಕು. ಅದರ ಮೇಲಿನ ಮಂಕು ಭಾಗ ಮೆದು ಕಬ್ಬಿಣ. ಹಳೇ ಬ್ಲೇಡುಗಳಲ್ಲಿ ಉಕ್ಕು ದುಬಾರಿ ಅಂತ ಕಬ್ಬಿಣಕ್ಕೆ ಒಂದು ಪದರ ಮಾತ್ರ ಬೆಸೆಯುತ್ತಿದ್ದರು. ಆ ಪದರ ಇರುವುದು ಚಪ್ಪಟೆ ಬೆನ್ನಿನ ಕಡೆ. ಅಂಗಡಿಯವರು ತುಕ್ಕಿನ ಗುಂಡಿ ಹೋಗಲಿ ಅಂತ ಬೆನ್ನನ್ನೇ ಅರೆದುಬಿಟ್ಟರೆ ಬಾಯಿಗೆ ಉಕ್ಕೇ ಉಳಿಯದೆ ಹೋಗಬಹುದು.

ಹೀಗೆ ಮಾಡಿ. ಹಿಡಿ ಸುಲಭವಾಗಿ ಬಂದರೆ ಬಿಚ್ಚಿ, ಬಾರದಿದ್ದರೆ ಎಳೆದಾಡಬೇಡಿ. ಸೀಮೆಎಣ್ಣೆ ಹಚ್ಚಿ ಸ್ಟೀಲ್ ವುಲ್‌ನಿಂದ ಉಜ್ಜಿ. ಜಾಸ್ತಿ ತುಕ್ಕಿದ್ದರೆ ಕಬ್ಬಿಣದ ಭಾಗವನ್ನಷ್ಟೇ ಅಡುಗೆ ವಿನೆಗರ್‌ನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಅದಕ್ಕಿಂತ ಹೆಚ್ಚು ಬಿಟ್ಟರೆ ಹುಳಿ ಲೋಹವನ್ನೇ ತಿನ್ನಲು ಶುರು ಮಾಡುತ್ತದೆ. ಬೆಳಿಗ್ಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒರೆಸಿ, ಎಣ್ಣೆ ಸವರಿ. ಕಪ್ಪು ಕಲೆ ಉಳಿದರೆ ಇರಲಿ ಬಿಡಿ, ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಬಾಯಿಯ ಪಕ್ಕ, ಬೆನ್ನಿನ ಕಡೆ ಒಂದು ಬೆರಳಗಲ ನಯವಾದರೆ ಸಾಕು.

ಆಮೇಲೆ ಸಾಣೆ. ಇಳಿಜಾರಿನ ಉದ್ದ ಬ್ಲೇಡಿನ ದಪ್ಪದ ಎರಡರಷ್ಟಿದ್ದರೆ ಕೋನ 30 ಡಿಗ್ರಿ. ಅಳತೆ ಪಟ್ಟಿ ಇದ್ದರೆ ಸಾಕು, ಕೋನಮಾಪಕ ಬೇಡ. ಒರಟು ಕಲ್ಲಿನ ಮೇಲೆ ಇಳಿಜಾರನ್ನೇ ಉಜ್ಜುತ್ತಾ ಹೋಗಿ. ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಬೆರಳು ಸವರಿದಾಗ ಈ ತುದಿಯಿಂದ ಆ ತುದಿಯವರೆಗೆ ಸಣ್ಣ ಗರಿ, ಅಂದರೆ ಅಂಚಿನಲ್ಲಿ ಮಗುಚಿಕೊಂಡ ಲೋಹದ ಒರಟು ಎಳೆ, ತಾಗಬೇಕು. ತಾಗಿದ ಮೇಲಷ್ಟೇ ನಯ ಕಲ್ಲಿಗೆ ಹೋಗಿ. ಅದು ತಾಗುವ ಮುಂಚೆಯೇ ಬಹಳ ಜನ ಕಲ್ಲು ಬದಲಾಯಿಸುತ್ತಾರೆ, ಆಮೇಲೆ ಹತ್ಯಾರವನ್ನು ಬೈಯುತ್ತಾರೆ.

ವಾರ್ನಿಷ್ ಬೇಡವೇ ಬೇಡ. ತೋಪಡದ ಮೈಗೆ, ಹಿಡಿಗಳಿಗೆ ಅಗಸೆ ಎಣ್ಣೆ ತೆಳ್ಳಗೆ ಸವರಿ, ಹೀರಿದ ಮೇಲೆ ಒರೆಸಿಬಿಡಿ. ಒಂದು ಎಚ್ಚರಿಕೆ: ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ. ಹಿಡಿಗೆ ಮರಳು ಕಾಗದವನ್ನೂ ಹಾಕಬೇಡಿ. ನಿಮ್ಮ ತಂದೆಯ ಅಂಗೈ ಸವೆಸಿ ಕಪ್ಪಾಗಿಸಿದ ಜಾಗ ಅದು. ಅಷ್ಟು ನಯ ಯಾವ ಕಾಗದದಿಂದಲೂ ಬರಲ್ಲ, ಅಲ್ವಾ?

ನಿಮ್ಮಲ್ಲಿಯ ಮಳೆಗಾಲದಲ್ಲಿ ಪೆಟ್ಟಿಗೆ ಒದ್ದೆ ಗೋಡೆಗೆ ತಾಗದಿರಲಿ. ಆಗಾಗ ತೆಗೆದು ಎಣ್ಣೆ ಬಟ್ಟೆಯಿಂದ ಒರೆಸಿಡಿ.

ಪ್ರಶ್ನೆ: ಬಾಚಿಯ ಕಾವು (ಮರದ ಹಿಡಿ) ಅಲ್ಲಾಡುತ್ತದೆ. ರಾತ್ರಿಯೆಲ್ಲಾ ನೀರಲ್ಲಿ ನೆನೆಹಾಕಿದರೆ ಬಿಗಿಯಾಗುತ್ತದೆ, ಆದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಏನು ಮಾಡಲಿ?
– ಓದುಗರು, ಹಾವೇರಿ

ಉತ್ತರ: ನೀರೇ ಅದಕ್ಕೆ ಕಾರಣ. ನೆನೆದ ಮರ ಉಬ್ಬುತ್ತದೆ, ಸುತ್ತ ಕಬ್ಬಿಣ ಬಿಡದ್ದಕ್ಕೆ ಅದರ ನಾರು ಜಜ್ಜಿಹೋಗುತ್ತದೆ. ಒಣಗಿದಾಗ ಮೊದಲಿಗಿಂತ ಸಣ್ಣಗಾಗುತ್ತದೆ. ಕಾವು ಗಟ್ಟಿಯಿದ್ದರೆ ಚೆನ್ನಾಗಿ ಒಣಗಿಸಿ, ತುದಿಯಲ್ಲಿ ಸೀಳು ಕೊಟ್ಟು ಗಟ್ಟಿ ಮರದ ಬೆಣೆ ಹೊಡೆಯಿರಿ. ಬಿರುಕಿದ್ದರೆ ಕೆಲಸ ನಿಲ್ಲಿಸಿ, ಹೊಸದು ಹಾಕಿ. ಬಾಚಿ ಕಾಲಿನ ಹತ್ತಿರವೇ ಆಡುವ ಹತ್ಯಾರ. ಜಾಲಿ ಒಳ್ಳೆಯದು. ಎಳೆ ಉದ್ದಕ್ಕೆ ನೇರವಾಗಿ ಓಡಿರಬೇಕು, ಮರ ಪೂರ್ತಿ ಒಣಗಿರಬೇಕು. ಹಸಿ ಜಾಲಿ ಹಾಕಿದರೆ ಅದು ಕುಗ್ಗಿದ ಮೇಲೆ ಬೆಣೆಯೂ ಸಡಿಲವಾಗುತ್ತದೆ.