ಅಂಗುಳದ ಗಂಟು, ಬಾರದ ಹಲ್ಲು

ಸಾಗರದ ಕಡೆಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: "ನನಗೆ 44 ವರ್ಷ. ಹೋದ ತಿಂಗಳು ಹಲಸಿನ ಹಪ್ಪಳ ತಿನ್ನುವಾಗ ಅಂಗುಳಕ್ಕೆ ಚುಚ್ಚಿತು. ನಾಲಿಗೆ ಆಡಿಸಿದರೆ ಸರಿಯಾಗಿ ಮಧ್ಯದಲ್ಲಿ ಗಟ್ಟಿಯಾದ ಗಂಟು. ನೋವಿಲ್ಲ. ನಮ್ಮ ಭಾವ ಬಾಯಿ ಕ್ಯಾನ್ಸರ್‌ನಿಂದ ತೀರಿಕೊಂಡವರು. ಅಂದಿನಿಂದ ನಿದ್ದೆ ಇಲ್ಲ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ಚೂರು ಕತ್ತರಿಸಿ ಪರೀಕ್ಷೆ ಮಾಡಿದರೆ ಹರಡುತ್ತದೆ ಅಂತಾರೆ, ನಿಜವಾ? ಇನ್ನೊಂದು ವಿಷಯ. ಮಗನಿಗೆ 10 ವರ್ಷ. ಮೇಲಿನ ಮುಂದಿನ ಎರಡು ಹಲ್ಲಲ್ಲಿ ಒಂದು ಬಂದು ವರ್ಷ ಕಳೆಯಿತು, ಇನ್ನೊಂದರ ಜಾಗದಲ್ಲಿ ಹಾಲುಹಲ್ಲೇ ಕೂತಿದೆ. ಅವನಿಗೂ ನೋವಿಲ್ಲ. ಕಾದರೆ ಸಾಕಲ್ವಾ?"

ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಎರಡು ಪ್ರಶ್ನೆಯಲ್ಲಿ ಮೊದಲನೆಯದು ನಿಮ್ಮ ನಿದ್ದೆ ಕೆಡಿಸಿದೆ, ಎರಡನೆಯದನ್ನು ಪತ್ರದ ಕೊನೆಯಲ್ಲಿ ಸೇರಿಸಿದ್ದೀರಿ. ನನ್ನನ್ನು ಕೇಳಿದರೆ ಮೊದಲು ತೋರಿಸಬೇಕಾದ್ದು ಮಗನನ್ನು. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮ ಗಂಟಿನ ವಿಷಯ.

ನಾನು ವೈದ್ಯನಲ್ಲ. ಕಾಗದ ಓದಿ ನಿಮ್ಮ ಬಾಯಲ್ಲಿರುವುದು ಇಂಥದ್ದೇ ಅಂತ ವೈದ್ಯರೂ ಹೇಳಲಾರರು. ಆದರೆ ಅಂಗುಳದ ನಟ್ಟನಡುವೆ, ಮೂಳೆಯಷ್ಟೇ ಗಟ್ಟಿ, ನೋವಿಲ್ಲ, ನಡುವಯಸ್ಸಿನ ಹೆಂಗಸು ಅಂದಾಗ ದಂತವೈದ್ಯರಿಗೆ ಮೊದಲು ನೆನಪಾಗುವುದು ಟೋರಸ್ ಪ್ಯಾಲಟೈನಸ್. ಇದು ಕ್ಯಾನ್ಸರ್ ಅಲ್ಲ. ಅಂಗುಳದ ಎರಡು ಮೂಳೆಗಳು ಕೂಡುವ ಗೆರೆಯ ಮೇಲೆ ಅದೇ ಮೂಳೆ ಸ್ವಲ್ಪ ಜಾಸ್ತಿ ಬೆಳೆದಿರುತ್ತದೆ, ಅಷ್ಟೇ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೆಲವು ಮನೆತನಗಳಲ್ಲಿ ತಾಯಿಗೂ ಮಗಳಿಗೂ ಇರುತ್ತದೆ. ವರ್ಷಾನುಗಟ್ಟಲೆ ನಿಧಾನವಾಗಿ ಬೆಳೆಯುವುದರಿಂದ ಗೊತ್ತೇ ಆಗುವುದಿಲ್ಲ. ನಿಮಗಾದಂತೆ ಒಂದು ದಿನ ಹಪ್ಪಳವೋ ಚಕ್ಕುಲಿಯೋ ಚುಚ್ಚಿದಾಗ ಮಾತ್ರ ನಾಲಿಗೆ ಅಲ್ಲಿಗೆ ಹೋಗುತ್ತದೆ. ಆ ಮೂಳೆಯ ಮೇಲಿನ ಚರ್ಮ ತೀರಾ ತೆಳು, ಬೇಗ ಗೀರುತ್ತದೆ. ಹೋದ ತಿಂಗಳು ಹುಟ್ಟಿದ ಗಂಟು ಅಂತ ನಿಮಗೆ ಅನಿಸಿರಬಹುದು. ಟೋರಸ್ ಆಗಿದ್ದರೆ ಅದು ಬಹಳ ವರ್ಷಗಳಿಂದ ಅಲ್ಲೇ ಇದೆ.

ಇದೇ ಥರದ್ದು ಕೆಳದವಡೆಯ ಒಳಬದಿಯಲ್ಲೂ ಬರುತ್ತದೆ. ನಾಲಿಗೆಯ ಪಕ್ಕ, ಕೋರೆಹಲ್ಲಿನ ಹಿಂದೆ, ಸಾಮಾನ್ಯವಾಗಿ ಎರಡೂ ಕಡೆ. ರಾತ್ರಿ ಹಲ್ಲು ಕಡಿಯುವವರಲ್ಲಿ ಇದು ಜಾಸ್ತಿ ಅಂತ ವೈದ್ಯರು ಗಮನಿಸಿದ್ದಾರೆ.

ವೈದ್ಯರ ಹತ್ತಿರ ಹೋದರೆ ಏನು ಮಾಡುತ್ತಾರೆ? ಕುರ್ಚಿ ಒರಗಿಸಿ, ದೀಪ ಹಿಡಿದು, ಕೈಗವಸಿನ ಬೆರಳಿನಿಂದ ಒತ್ತಿ ನೋಡುತ್ತಾರೆ. ಗಟ್ಟಿಯಾ ಮೆದುವಾ, ನಟ್ಟನಡುವೆ ಇದೆಯಾ ಪಕ್ಕಕ್ಕಾ, ಮೇಲಿನ ಚರ್ಮ ಮಾಮೂಲಿ ಬಣ್ಣದ್ದಾ, ಹುಣ್ಣಿದೆಯಾ, ಇಷ್ಟು. ಟೋರಸ್ ಅಂತ ಖಚಿತವಾದರೆ ಕತ್ತರಿಯೂ ಬೇಡ, ಮಾತ್ರೆಯೂ ಬೇಡ. ಮುಂದೆ ಯಾವಾಗಲಾದರೂ ಹಲ್ಲುಸೆಟ್ಟು ಕೂರದೇ ಹೋದರೆ, ಅಥವಾ ಪದೇಪದೇ ಗಾಯವಾಗುತ್ತಿದ್ದರೆ ಮಾತ್ರ ತೆಗೆಯುತ್ತಾರೆ. ಮೂಳೆ ಸವೆತಕ್ಕೆ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ತಗೊಳ್ತಿದ್ದರೆ ಅದನ್ನು ಮರೆಯದೆ ಹೇಳಿ. ಅಂಥ ಕೆಲವು ಔಷಧಿ ತಗೊಳ್ಳುವವರಲ್ಲಿ ದವಡೆಮೂಳೆಯ ಗಾಯ ಮಾಯುವುದು ಕಷ್ಟ.

ಹಾಗಂತ ನನ್ನ ಉತ್ತರ ಓದಿ ಸಮಾಧಾನ ಮಾಡಿಕೊಂಡು ಕೂರಬೇಡಿ. ಅಂಗುಳದ ಒಂದು ಪಕ್ಕಕ್ಕೆ, ಹಿಂದಿನ ಹಲ್ಲುಗಳ ಹತ್ತಿರ, ಮೆದುವಾದ ಊತ ಇದ್ದರೆ ಕಥೆಯೇ ಬೇರೆ. ಅಲ್ಲಿ ಸಣ್ಣಸಣ್ಣ ಜೊಲ್ಲುಗ್ರಂಥಿಗಳಿರುತ್ತವೆ. ಅವುಗಳಲ್ಲಿ ಬರುವ ಗಡ್ಡೆ ಒಳ್ಳೆಯದೂ ಇರಬಹುದು, ಕೆಟ್ಟದೂ ಇರಬಹುದು. ಅವಕ್ಕೂ ಶುರುವಿನಲ್ಲಿ ನೋವಿರುವುದಿಲ್ಲ.

ಈಗ ಮಗನ ವಿಷಯ. ಮೇಲಿನ ಮುಂದಿನ ಹಲ್ಲುಗಳು ಸುಮಾರು 7–8 ವರ್ಷಕ್ಕೆ ಬರುತ್ತವೆ. ಒಂದು ಬಂದು ಆರು ತಿಂಗಳಾದರೂ ಅದರ ಜೋಡಿ ಬಾರದಿದ್ದರೆ ಎಕ್ಸ್‌ರೇ ತೆಗೆಸಬೇಕು. ನಿಮ್ಮ ಮಗನಿಗೆ ವರ್ಷವೇ ಕಳೆದಿದೆ. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾಗಿರಬಹುದು. ಒಂದು ಹೆಚ್ಚಿನ ಹಲ್ಲು ದಾರಿಗೆ ಅಡ್ಡ ನಿಂತಿರಬಹುದು. ಇಲ್ಲವೇ ಒಡೊಂಟೋಮಾ ಎಂಬ ಗಡ್ಡೆ ಇರಬಹುದು. ಇದು ಹಲ್ಲು ಮಾಡುವ ಅಂಗಾಂಶ ದಾರಿ ತಪ್ಪಿ ಬೆಳೆದದ್ದು. ಒಂದೇ ಹಲ್ಲು ಆಗುವ ಬದಲು ಚಿಕ್ಕಚಿಕ್ಕ ಹಲ್ಲಿನ ಚೂರುಗಳ ಗೊಂಚಲು ಆಗುತ್ತದೆ. ಮೇಲ್ದವಡೆಯ ಮುಂಭಾಗ ಅದು ಹೆಚ್ಚಾಗಿ ಕಾಣಿಸುವ ಜಾಗ. ಸಾಮಾನ್ಯವಾಗಿ ನೋವಿರುವುದಿಲ್ಲ, ಎಷ್ಟೋ ಸಲ ಊತವೂ ಇರುವುದಿಲ್ಲ. ಹಲ್ಲು ಬಾರದಿರುವುದೊಂದೇ ಗುರುತು.

ಇದು ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ 2019ರಲ್ಲಿ ಚೆನ್ನೈನ ಸವೀತಾ ದಂತ ವೈದ್ಯಕೀಯ ಕಾಲೇಜಿಗೆ ಬಂದ 7 ವರ್ಷದ ಹುಡುಗನನ್ನು ನೋಡಿ. ಕೆಳದವಡೆಯ ಬಲಬದಿ ಊದಿತ್ತು. ಅವನು 3 ವರ್ಷದವನಿದ್ದಾಗಲೇ ಊತ ಕಂಡಿತ್ತಂತೆ. ದವಡೆಯಿಂದ ತೆಗೆದ ಚೀಲದಂಥ ಗಡ್ಡೆಯ ತೂಕ ಸುಮಾರು 200 ಗ್ರಾಂ. ಅದನ್ನು ಬಿಡಿಸುತ್ತಾ, ಎಣಿಸುತ್ತಾ ವೈದ್ಯರು ಗಂಟೆಗಟ್ಟಲೆ ಕೂತರು. ಒಟ್ಟು 526 ಹಲ್ಲುಗಳು! ಕೆಲವು ತೀರಾ ಸಣ್ಣವು. 2014ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 17 ವರ್ಷದ ಹುಡುಗನ ದವಡೆಯಿಂದ 232 ತೆಗೆದಿದ್ದರು. ಇವೆರಡೂ ತೀರಾ ಅಪರೂಪ, ನಿಮ್ಮ ಮಗನಿಗೆ ಹೀಗೇ ಆಗಿದೆ ಅಂತಲ್ಲ. ಸಾಧಾರಣ ಒಡೊಂಟೋಮಾದಲ್ಲಿ ಇರುವುದು ಬೆರಳೆಣಿಕೆಯ ಚೂರುಗಳು. ತೆಗೆದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಬೇಗ ತೆಗೆದರೆ ಒಳಗೆ ಸಿಕ್ಕಿಕೊಂಡ ಹಲ್ಲು ತಾನೇ ಇಳಿದು ಬರುವ ಸಾಧ್ಯತೆ ಇದೆ, ಬಾರದಿದ್ದರೆ ತಂತಿ ಹಾಕಿ ಎಳೆಯುತ್ತಾರೆ. ತಡವಾದಷ್ಟೂ ಈ ಕೆಲಸ ಕಷ್ಟವಾಗುತ್ತದೆ. ಅದಕ್ಕೇ ಮಗನದು ಮೊದಲು ಅಂದೆ.

ನೋವಿಲ್ಲ ಎಂಬ ಮಾತಿನಿಂದ ತುಂಬಾ ಜನ ಮೋಸ ಹೋಗುವ ಇನ್ನೊಂದು ಕಾಯಿಲೆ ಅಮೆಲೋಬ್ಲಾಸ್ಟೋಮಾ. ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ ಬರುತ್ತದೆ. ಕ್ಯಾನ್ಸರ್ ಪಟ್ಟಿಯಲ್ಲಿ ಇಲ್ಲ, ಬೇರೆ ಅಂಗಗಳಿಗೆ ಹರಡುವುದು ಬಹಳ ಅಪರೂಪ. ಆದರೆ ಇದ್ದಲ್ಲೇ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಎಕ್ಸ್‌ರೇಯಲ್ಲಿ ದವಡೆ ಸೋಪಿನ ನೊರೆಯ ಹಾಗೆ ಗುಳ್ಳೆಗುಳ್ಳೆಯಾಗಿ ಕಾಣುತ್ತದೆ. ಬರೀ ಕೆರೆದು ತೆಗೆದರೆ ಮತ್ತೆ ಬರುವುದೇ ಜಾಸ್ತಿ, ಹಾಗಾಗಿ ಸಾಮಾನ್ಯವಾಗಿ ಸುತ್ತಲಿನ ಒಳ್ಳೆಯ ಮೂಳೆಯನ್ನೂ ಒಂದೆರಡು ಸೆಂಟಿಮೀಟರ್ ಸೇರಿಸಿ ಕತ್ತರಿಸುತ್ತಾರೆ. ಕೆಲವರಿಗೆ ಕಾಲಿನ ಮೂಳೆ ತಂದು ದವಡೆ ಕಟ್ಟಬೇಕಾಗುತ್ತದೆ. ಕೆನ್ನೆ ಸೊಟ್ಟಗಾಗುವವರೆಗೂ ಕಾದು ಬಂದವರಿಗೆ ಚಿಕಿತ್ಸೆ ಎಷ್ಟು ದೊಡ್ಡದಾಗುತ್ತದೆ ನೋಡಿ.

ಬಯಾಪ್ಸಿ ಮಾಡಿದರೆ ಹರಡುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಬಾಯಿಯ ಗಡ್ಡೆಯಿಂದ ಒಂದು ಚೂರು ತೆಗೆದು ಪರೀಕ್ಷಿಸಿದ್ದಕ್ಕೆ ಕಾಯಿಲೆ ಹಬ್ಬಿತು ಅನ್ನಲು ಆಧಾರವಿಲ್ಲ. ಈ ಹೆದರಿಕೆಯಿಂದ ತಿಂಗಳುಗಟ್ಟಲೆ ತಡ ಮಾಡಿದವರಲ್ಲಿ ಹಬ್ಬಿರುವುದು ನಿಜ. ಮನೆಯಲ್ಲಿ ಸೂಜಿ ಚುಚ್ಚುವುದು, ದಾರ ಕಟ್ಟುವುದು, ಸುಣ್ಣ ಹಚ್ಚುವುದು ಮಾತ್ರ ಖಂಡಿತ ಬೇಡ. ಕೆಳತುಟಿಯ ನೀರುಗುಳ್ಳೆಯನ್ನು ಚುಚ್ಚಿದರೆ ಅದು ಮತ್ತೆ ತುಂಬುತ್ತದೆ. ರಕ್ತನಾಳದ ಗಡ್ಡೆಯನ್ನು ಚುಚ್ಚಿದರೆ ರಕ್ತ ನಿಲ್ಲಿಸುವುದೇ ಕಷ್ಟವಾಗಬಹುದು.

ನಿಮ್ಮ ಭಾವನಿಗೆ ಬಂದದ್ದು ಬೇರೆ ದಾರಿಯ ಕಾಯಿಲೆ. ಬಾಯಿ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಮಾಯದ ಹುಣ್ಣಾಗಿ, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆಯಾಗಿ. ಎರಡು-ಮೂರು ವಾರಕ್ಕೂ ಮಾಯದ ಹುಣ್ಣು, ಬರಬರುತ್ತಾ ಬಾಯಿ ಅಗಲಿಸಲು ಆಗದಿರುವುದು, ಇವಿದ್ದರೆ ಒಂದು ದಿನವೂ ಕಾಯಬಾರದು. ಅಡಿಕೆ ಸೀಮೆಯವರಿಗೆ ಈ ಮಾತು ಕಹಿ ಅಂತ ಗೊತ್ತು. ಆದರೂ ಹೇಳಲೇಬೇಕು: ತಂಬಾಕು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ವರದಿಯಲ್ಲೇ ಹೇಳಿದೆ. ನಿಮ್ಮ ಮನೆಯಲ್ಲಿ ಎಲೆಅಡಿಕೆ ಹಾಕುವವರಿದ್ದರೆ ಅವರ ಬಾಯನ್ನೂ ಒಮ್ಮೆ ತೋರಿಸಿ.

ಊರಿನ ದಂತವೈದ್ಯರಿಂದಲೇ ಶುರು ಮಾಡಿ. ಅವರು ಮುಂದೆ ತೋರಿಸಿ ಅಂದರೆ ಶಿವಮೊಗ್ಗದಲ್ಲೇ ದಂತ ವೈದ್ಯಕೀಯ ಕಾಲೇಜಿದೆ. ದಂತ ಕಾಲೇಜುಗಳಲ್ಲಿ ಓರಲ್ ಮೆಡಿಸಿನ್ ವಿಭಾಗ ಎಲ್ಲಿದೆ ಅಂತ ಕೇಳಿ, ಇಂಥ ಗಂಟು ನೋಡುವುದು ಅವರ ದಿನದ ಕೆಲಸ. ಒಬ್ಬರೇ ಹೋಗಬೇಡಿ, ಯಜಮಾನರಿಗೋ ಅಕ್ಕನಿಗೋ ವಿಷಯ ಹೇಳಿ ಜೊತೆಗೆ ಕರೆದುಕೊಂಡು ಹೋಗಿ. ಮಗನನ್ನೂ ಅದೇ ದಿನ ತೋರಿಸಿಬಿಡಿ. ತೆಗೆಸಿದ ಎಕ್ಸ್‌ರೇ ಅಲ್ಲೇ ಬಿಟ್ಟು ಬರಬೇಡಿ. ದಿನಾಂಕ ಬರೆದು ಮನೆಯಲ್ಲಿಡಿ. ಮುಂದಿನ ವರ್ಷ ಇನ್ನೊಂದು ತೆಗೆದಾಗ ಹೋಲಿಸಿ ನೋಡಲು ವೈದ್ಯರು ಅದನ್ನೇ ಕೇಳುತ್ತಾರೆ.

– ಸಂಪಾದಕ