ಹಳೆಯ ಕೀಬೋರ್ಡಿನ ದುಂಡು ಪ್ಲಗ್ ಕತ್ತರಿಸಿ ಯುಎಸ್‌ಬಿ ಕೇಬಲ್ ಬೆಸೆಯಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ನಿಮ್ಮ ತಂದೆಯವರು 1990ರ ದಶಕದಲ್ಲಿ ಡಿಟಿಪಿ ಕೆಲಸಕ್ಕೆ ಬಳಸುತ್ತಿದ್ದ ಕೀಬೋರ್ಡ್ ಅಟ್ಟದಲ್ಲಿ ಸಿಕ್ಕಿದೆ. ಅದರ ಕೇಬಲ್ ತುದಿಯಲ್ಲಿ ಹೆಬ್ಬೆರಳಷ್ಟು ದಪ್ಪನೆಯ ದುಂಡು ಪ್ಲಗ್ ಇದೆ, ಒಳಗೆ ಐದು ಪಿನ್‌ಗಳಿವೆ. ಆ ಕೇಬಲಿನಲ್ಲಿ ಬಳಕೆಯಾಗುವುದು ನಾಲ್ಕೇ ತಂತಿ, ಯುಎಸ್‌ಬಿ ಕೇಬಲಿನಲ್ಲೂ ನಾಲ್ಕು ತಂತಿ. ಹಾಗಾದರೆ ಎರಡನ್ನೂ ಕತ್ತರಿಸಿ ಒಂದಕ್ಕೊಂದು ಬೆಸೆದು ಲ್ಯಾಪ್‌ಟಾಪಿಗೆ ಹಾಕಬಹುದೇ ಎಂಬುದು ನಿಮ್ಮ ಪ್ರಶ್ನೆ.

ಹಾಗೆ ನೇರವಾಗಿ ಬೆಸೆದರೆ ಅದು ಕೆಲಸ ಮಾಡುವುದಿಲ್ಲ. ಆದರೆ ಆ ಕೀಬೋರ್ಡನ್ನು ಇಂದಿನ ಲ್ಯಾಪ್‌ಟಾಪಿಗೆ ಖಂಡಿತವಾಗಿಯೂ ಜೋಡಿಸಬಹುದು, ಅದೂ ಮೂಲ ಕೇಬಲನ್ನು ಕತ್ತರಿಸದೆ. ಇಂಥ ಮೂರು ಕೀಬೋರ್ಡ್‌ಗಳನ್ನು ನಾನು ಮತ್ತೆ ಬಳಕೆಗೆ ತಂದಿದ್ದೇನೆ. ಮೊದಲನೆಯದರಲ್ಲಿ ಮಾಡಿದ ತಪ್ಪನ್ನು ನೀವು ಮಾಡಬಾರದೆಂಬ ಕಾರಣಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ತಂತಿಗಳ ಸಂಖ್ಯೆ ಒಂದೇ ಆದರೂ ಅವುಗಳ ಮೇಲೆ ನಡೆಯುವ ಮಾತುಕತೆ ಬೇರೆ ಬೇರೆ. ನಿಮ್ಮ ಕೀಬೋರ್ಡಿನ ನಾಲ್ಕು ತಂತಿಗಳೆಂದರೆ 5 ವೋಲ್ಟ್, ಗ್ರೌಂಡ್, ಕ್ಲಾಕ್ ಮತ್ತು ಡೇಟಾ. 1984ರ ಐಬಿಎಂ ಪಿಸಿ ಎಟಿಯೊಂದಿಗೆ ಬಂದ ಈ ಪದ್ಧತಿಯಲ್ಲಿ, ಕೀಲಿಯೊಂದನ್ನು ಒತ್ತಿದ ಕೂಡಲೇ ಕೀಬೋರ್ಡು ತಾನೇ ಕ್ಲಾಕ್ ತಂತಿಯ ಮೇಲೆ ತಾಳ ಹಾಕುತ್ತಾ ಡೇಟಾ ತಂತಿಯ ಮೇಲೆ 11 ಬಿಟ್‌ಗಳನ್ನು ಕಳುಹಿಸುತ್ತದೆ: ಆರಂಭಕ್ಕೊಂದು, ಸಂಕೇತಕ್ಕೆ ಎಂಟು, ಪ್ಯಾರಿಟಿಗೊಂದು (ಕಳುಹಿಸುವಾಗ ತಪ್ಪಾಗಿದೆಯೇ ಎಂದು ತಿಳಿಯಲು), ಮುಕ್ತಾಯಕ್ಕೊಂದು. ‘ಎ’ ಕೀಲಿಯನ್ನು ಒತ್ತಿದರೆ ‘1ಸಿ’ ಎಂಬ ಸಂಕೇತ ಹೋಗುತ್ತದೆ. ಬೆರಳೆತ್ತಿದರೆ ‘ಎಫ್0’ ಮತ್ತು ‘1ಸಿ’ ಎಂಬ ಎರಡು ಸಂಕೇತಗಳು ಹೋಗುತ್ತವೆ. ಯುಎಸ್‌ಬಿಯಲ್ಲಿ ಕ್ಲಾಕ್ ತಂತಿಯೇ ಇಲ್ಲ. ಅಲ್ಲಿ ವಿದ್ಯುತ್ತಿನ ಎರಡು ತಂತಿಗಳನ್ನು ಬಿಟ್ಟರೆ ಉಳಿದೆರಡೂ ಸೇರಿ ಒಂದೇ ಸಂದೇಶವನ್ನು ಹೊರುತ್ತವೆ, ಮತ್ತು ಕಂಪ್ಯೂಟರ್ ಮತ್ತೆ ಮತ್ತೆ ಕೇಳಿದಾಗ ಮಾತ್ರ ಕೀಬೋರ್ಡು ಉತ್ತರ ಕೊಡಬೇಕು. ನಿಮ್ಮ ಕೀಬೋರ್ಡಿನೊಳಗಿನ ಚಿಪ್ಪಿಗೆ ಆ ಪ್ರಶ್ನೆಗಳು ತಿಳಿಯುವುದಿಲ್ಲ. ಯುಎಸ್‌ಬಿಯ ಮೊದಲ ಆವೃತ್ತಿ ಬಂದದ್ದೇ 1996ರಲ್ಲಿ. ಅಂಗಡಿಯಲ್ಲಿ ಸಿಗುವ, ಒಳಗೆ ಬರಿಯ ತಂತಿಯಿರುವ ಪುಟ್ಟ ಅಡಾಪ್ಟರ್ ಕೂಡ ಇದೇ ಕಾರಣಕ್ಕೆ ಉಪಯೋಗಕ್ಕೆ ಬಾರದು. ಎರಡೂ ಭಾಷೆಗಳನ್ನು ಬಲ್ಲ, ತೀರ ಈಚಿನ ಕೀಬೋರ್ಡ್‌ಗಳಿಗಾಗಿ ಮಾಡಿದ್ದು ಅದು.

ಆದ್ದರಿಂದ ಕೆಲಸವನ್ನು ಎರಡು ಹಂತವಾಗಿ ನೋಡಬೇಕು. ಮೊದಲ ಹಂತ ದೊಡ್ಡ ದುಂಡು ಪ್ಲಗ್ಗಿನಿಂದ ಚಿಕ್ಕ ದುಂಡು ಪ್ಲಗ್ಗಿಗೆ, ಅಂದರೆ 1987ರಲ್ಲಿ ಐಬಿಎಂ ತಂದ ಆರು ಪಿನ್ನಿನ ಪಿಎಸ್/2ಗೆ ಬರುವುದು. ಇಲ್ಲಿ ಭಾಷೆ ಬದಲಾಗುವುದಿಲ್ಲ, ಪಿನ್‌ಗಳ ಜಾಗ ಮಾತ್ರ ಬದಲಾಗುತ್ತದೆ. ದೊಡ್ಡದರ 1ನೇ ಪಿನ್ (ಕ್ಲಾಕ್) ಚಿಕ್ಕದರ 5ಕ್ಕೆ, 2ನೇ ಪಿನ್ (ಡೇಟಾ) ಚಿಕ್ಕದರ 1ಕ್ಕೆ, 4ನೇ ಪಿನ್ (ಗ್ರೌಂಡ್) ಚಿಕ್ಕದರ 3ಕ್ಕೆ, 5ನೇ ಪಿನ್ (5 ವೋಲ್ಟ್) ಚಿಕ್ಕದರ 4ಕ್ಕೆ ಹೋಗಬೇಕು. ದೊಡ್ಡದರ 3ನ್ನೂ ಚಿಕ್ಕದರ 2 ಮತ್ತು 6ನ್ನೂ ಹಾಗೆಯೇ ಬಿಡಿ.

ನಾನು ಎಡವಿದ್ದು ಇಲ್ಲಿಯೇ. ಐದು ಪಿನ್‌ಗಳು ಕಮಾನಿನಂತೆ ನಿಂತಿರುತ್ತವೆ, ಆದರೆ ಅವುಗಳ ಸಂಖ್ಯೆ ಸಾಲಾಗಿ 1, 2, 3 ಎಂದು ಸಾಗುವುದಿಲ್ಲ. ಒಂದು ತುದಿಯಿಂದ 1, 4, 2, 5, 3 ಎಂದು ಸಾಗುತ್ತದೆ. ನಡುವೆ ಡೇಟಾ, ಅದರ ಒಂದು ಪಕ್ಕಕ್ಕೆ ಗ್ರೌಂಡ್, ಇನ್ನೊಂದು ಪಕ್ಕಕ್ಕೆ 5 ವೋಲ್ಟ್. ಹೀಗಾಗಿ ಎದುರಿನಿಂದ ನೋಡಿ ಎಣಿಸಿ, ಬೆಸುಗೆ ಹಾಕುವಾಗ ಹಿಂದಿನಿಂದ ಅದೇ ಕ್ರಮದಲ್ಲಿ ಹಾಕಿದರೆ, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ, ಗ್ರೌಂಡ್ ಇರಬೇಕಾದಲ್ಲಿ 5 ವೋಲ್ಟ್ ಬಂದು ಕೂರುತ್ತದೆ. ನಾನು ಮಾಡಿದ್ದು ಅದನ್ನೇ. ಕಂಪ್ಯೂಟರ್ ಆನ್ ಮಾಡಿದಾಗ ಕೀಬೋರ್ಡಿನ ಮೂರು ದೀಪಗಳೂ ಬೆಳಗಲಿಲ್ಲ. ಮದರ್‌ಬೋರ್ಡಿನ ಮೇಲೆ ಕೀಬೋರ್ಡ್ ಸಾಕೆಟ್ಟಿನ ಪಕ್ಕದಲ್ಲಿದ್ದ, ಅಕ್ಕಿ ಕಾಳಿಗಿಂತ ತುಸು ದೊಡ್ಡದಾದ ಫ್ಯೂಸ್ ಹೋಗಿತ್ತು. ಅದು ಹೋದದ್ದರಿಂದ ಕೀಬೋರ್ಡು ಉಳಿಯಿತು. ಅಂದಿನಿಂದ, ಪ್ಲಗ್ಗಿನ ಒಳಗಿನ ಪ್ಲಾಸ್ಟಿಕ್ಕಿನ ಮೇಲೆ ಪಿನ್‌ಗಳ ಪಕ್ಕದಲ್ಲಿ ಸಣ್ಣದಾಗಿ ಮೂಡಿಸಿರುವ ಅಂಕಿಗಳನ್ನು ಭೂತಗನ್ನಡಿಯಿಂದ ಓದದೆ ನಾನು ಬೆಸುಗೆ ಹಾಕುವುದಿಲ್ಲ.

ತಂತಿಯ ಬಣ್ಣವನ್ನೂ ನಂಬಬೇಡಿ. ನಾನು ಬಿಚ್ಚಿದ ಮೂರರಲ್ಲಿ ಒಂದಕ್ಕೊಂದು ಹೊಂದುವ ಬಣ್ಣಗಳಿರಲಿಲ್ಲ. ಮಲ್ಟಿಮೀಟರನ್ನು ಬೀಪ್ ಎನ್ನುವ ಸ್ಥಾನಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಪಿನ್ನಿಗೂ ಇನ್ನೊಂದನ್ನು ಒಳಗಿನ ಬೋರ್ಡಿಗೂ ಮುಟ್ಟಿಸಿ ನೋಡುವುದೊಂದೇ ಸರಿಯಾದ ದಾರಿ. ಬೋರ್ಡಿನ ಮೇಲೆ 8048 ಅಥವಾ 8049 ಎಂದು ಬರೆದ 40 ಕಾಲಿನ ಚಿಪ್ಪಿದ್ದರೆ ಇನ್ನೂ ಸುಲಭ: ಅದರ 20ನೇ ಕಾಲು ಗ್ರೌಂಡ್, 40ನೇ ಕಾಲು 5 ವೋಲ್ಟ್.

ಮೂಲ ಕೇಬಲನ್ನು ಕತ್ತರಿಸದೆ ಒಂದು ಸಣ್ಣ ಜೋಡುತುಂಡನ್ನು ಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಸಂಗೀತದ ಕೀಬೋರ್ಡ್‌ಗಳ ಮಿಡಿ ಕೇಬಲಿನಲ್ಲಿರುವುದೂ ಇದೇ ಐದು ಪಿನ್ನಿನ ಕನೆಕ್ಟರ್ ಆದ್ದರಿಂದ ಹೆಣ್ಣು ಸಾಕೆಟ್ ಈಗಲೂ ಸಿಗುತ್ತದೆ. ನೀವು ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ ನೋಡಿ. ನಿಮ್ಮ ತಂದೆಯವರು ಕೈಯಾರೆ ಬಳಸಿದ ವಸ್ತು ಅದು. ಇದ್ದ ಹಾಗೆ ಉಳಿಯುವುದು ಒಳ್ಳೆಯದು.

ಎರಡನೆಯ ಹಂತ ಭಾಷಾಂತರದ್ದು. ಪಿಎಸ್/2ನಿಂದ ಯುಎಸ್‌ಬಿಗೆ ಬದಲಿಸುವ, ಒಳಗೆ ಚಿಪ್ ಇರುವ ಪರಿವರ್ತಕಗಳು ಸಿದ್ಧವಾಗಿಯೇ ಸಿಗುತ್ತವೆ. ಒಂದು ಕೇಬಲಿಗೆ ನೇರಳೆ ಮತ್ತು ಹಸಿರು ಬಣ್ಣದ ಎರಡು ಸಾಕೆಟ್‌ಗಳಿದ್ದರೆ ನೇರಳೆಯದು ಕೀಬೋರ್ಡಿನದು. ಮೊದಲು ಇದನ್ನು ಪ್ರಯತ್ನಿಸಿ. ಕೆಲವು ಪರಿವರ್ತಕಗಳು ಹಳೆಯ ಕೀಬೋರ್ಡ್‌ಗಳೊಂದಿಗೆ ಸರಿಯಾಗಿ ಹೊಂದುವುದಿಲ್ಲ, ಹಾಗಾಗಿ ನನಗೆ ಹೆಚ್ಚು ಇಷ್ಟವಾದದ್ದು ಎಟಿಮೆಗಾ 32ಯು4 ಚಿಪ್ಪಿನ ಪುಟ್ಟ ಬೋರ್ಡು. ಅದರಲ್ಲಿ 5 ವೋಲ್ಟಿನ ಮಾದರಿಯನ್ನೇ ಕೊಳ್ಳಿ. ಟಿಎಂಕೆ ಅಥವಾ ಕ್ಯೂಎಂಕೆ ಎಂಬ ಉಚಿತ ಫರ್ಮ್‌ವೇರನ್ನು (ಚಿಪ್ಪಿನೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶವನ್ನು) ತುಂಬಿ, ಅದರಲ್ಲಿ ಸೂಚಿಸಿದ ಕಾಲುಗಳಿಗೆ ಕ್ಲಾಕ್ ಮತ್ತು ಡೇಟಾ ತಂತಿಗಳನ್ನು ಬೆಸೆಯಿರಿ. ಈ ಎರಡು ತಂತಿಗಳಿಂದಲೂ 5 ವೋಲ್ಟಿಗೆ 4.7 ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್ ಹಾಕಿ. ಇವನ್ನು ಬಿಟ್ಟರೂ ಕೆಲವೊಮ್ಮೆ ನಡೆಯುತ್ತದೆ, ಆದರೆ ಉದ್ದನೆಯ ಸುರುಳಿ ಕೇಬಲಿನಲ್ಲಿ ಅಕ್ಷರಗಳು ತಪ್ಪಿಹೋಗುವುದನ್ನು ನಾನು ಕಂಡಿದ್ದೇನೆ.

ಕನ್ನಡ ಟೈಪಿಂಗ್ ಕೆಡುವುದೇ ಎಂದೂ ನೀವು ಕೇಳಿದ್ದೀರಿ. ಕೆಡುವುದಿಲ್ಲ. ಕೀಬೋರ್ಡು ಕಳುಹಿಸುವುದು ಯಾವ ಕೀಲಿ ಎಂಬ ಸಂಕೇತವನ್ನಷ್ಟೇ; ಅದನ್ನು ‘ಕ’ ಎಂದೋ ‘ಳ’ ಎಂದೋ ಮಾಡುವುದು ಕಂಪ್ಯೂಟರಿನಲ್ಲಿರುವ ನುಡಿಯಂಥ ತಂತ್ರಾಂಶ. ತಂದೆಯವರು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿ ವಿನ್ಯಾಸದಲ್ಲಿ ಟೈಪ್ ಮಾಡುತ್ತಿದ್ದರೆ ಈಗಲೂ ಹಾಗೆಯೇ ಮಾಡಬಹುದು. 101 ಕೀಲಿಯ ಈ ಕೀಬೋರ್ಡ್‌ಗಳಲ್ಲಿ ವಿಂಡೋಸ್ ಕೀಲಿ ಇಲ್ಲದಿರುವುದೊಂದೇ ಕೊರತೆ. ಫರ್ಮ್‌ವೇರ್ ನಿಮ್ಮ ಕೈಯಲ್ಲೇ ಇರುವುದರಿಂದ ಬಲಗಡೆಯ ಆಲ್ಟ್ ಕೀಲಿಗೆ ಆ ಕೆಲಸವನ್ನು ಒಪ್ಪಿಸಬಹುದು. ಭಾಷೆ ಬದಲಿಸಲು ವಿಂಡೋಸ್ ಮತ್ತು ಸ್ಪೇಸ್ ಒತ್ತುವವರಿಗೆ ಇದು ತುಂಬ ಅನುಕೂಲ.

ಏನನ್ನೂ ಕೊಳ್ಳುವ ಮೊದಲು ಕೀಬೋರ್ಡನ್ನು ಮಗುಚಿ ನೋಡಿ. ತಳದಲ್ಲಿ ಎಕ್ಸ್‌ಟಿ–ಎಟಿ ಎಂದು ಬರೆದ ಪುಟ್ಟ ಸ್ವಿಚ್ ಇದ್ದರೆ ಅದನ್ನು ಎಟಿ ಕಡೆಗೆ ಸರಿಸಿ. 1981ರ ಮೊದಲ ಐಬಿಎಂ ಪಿಸಿಯ ಕಾಲದ ಎಕ್ಸ್‌ಟಿ ಪದ್ಧತಿಯಲ್ಲಿ ಪ್ಲಗ್ ಇದೇ ಆದರೂ ಸಂಕೇತಗಳು ಬೇರೆ, ಸಿದ್ಧ ಪರಿವರ್ತಕಗಳಿಗೆ ಅವು ಸಾಮಾನ್ಯವಾಗಿ ಅರ್ಥವಾಗುವುದಿಲ್ಲ. ಸ್ವಿಚ್ ಇಲ್ಲದೆ, ಕೀಲಿಗಳೂ 83 ಮಾತ್ರವೇ ಇದ್ದರೆ ಅದು ಎಕ್ಸ್‌ಟಿಯೇ ಆಗಿರುವ ಸಾಧ್ಯತೆ ಹೆಚ್ಚು. ಆಗ ಸಿದ್ಧ ಪರಿವರ್ತಕಕ್ಕೆ ಹಣ ಹಾಕದೆ ನೇರವಾಗಿ 32ಯು4 ಬೋರ್ಡನ್ನೇ ತಂದು, ಎಕ್ಸ್‌ಟಿಗೆಂದು ಬರೆದ ಫರ್ಮ್‌ವೇರನ್ನು ತುಂಬಿಸಿ.